ಮನೆಯಂಗಳದಲ್ಲಿ ಕಾರಿಗೆ ಪೇಂಟ್ ಹೊಡೆಯಲು ಕಂಪ್ರೆಸರ್ ಬೇಕಾ? ಮೊದಲು ಗನ್ ನೋಡಿ

ಕಾರಿಗೆ ಪೇಂಟ್ ಹೊಡೆಯಬೇಕು, ಎಷ್ಟು ಎಚ್‌ಪಿಯ ಕಂಪ್ರೆಸರ್ ತಗೊಳ್ಳಲಿ ಎಂದು ಕೇಳುವವರೇ ಜಾಸ್ತಿ. ಪ್ರಶ್ನೆಯೇ ತಲೆಕೆಳಗಾಗಿದೆ. ಪೇಂಟ್ ಚಿಮ್ಮಿಸುವ ಸ್ಪ್ರೇ ಗನ್ ಯಾವುದು ಎಂಬುದು ಮೊದಲು ಗೊತ್ತಾಗಬೇಕು. ಆ ಗನ್ನಿಗೆ ನಿಮಿಷಕ್ಕೆ ಎಷ್ಟು ಗಾಳಿ ಬೇಕೋ ಅಷ್ಟನ್ನು ನಿಲ್ಲದೆ ಕೊಡುವ ಯಂತ್ರ ಹುಡುಕಬೇಕು, ಅಷ್ಟೇ. ಎಚ್‌ಪಿ, ಟ್ಯಾಂಕಿನ ಲೀಟರು, ಚಕ್ರ ಇದೆಯೋ ಇಲ್ಲವೋ, ಇದೆಲ್ಲ ಆಮೇಲೆ. ಇನ್ನೊಂದು ವಿಷಯ ನಮ್ಮ ಕಾಸರಗೋಡಿನ ಕಡೆಯವರಿಗೆ ಸ್ವಲ್ಪ ಜೋರಾಗಿಯೇ ಹೇಳಬೇಕು: ಗಾಳಿಯಲ್ಲಿರುವ ನೀರು. ಬಯಲುಸೀಮೆಯಲ್ಲಿ ಕೂತವರು ಬರೆದ ಸಲಹೆ ಓದಿ ಯಂತ್ರ ತಂದರೆ, ಮಂಜೇಶ್ವರ ಕುಂಬಳೆಯ ಹವೆಯಲ್ಲಿ ಅದು ಬೇರೆಯದೇ ಆಟ ಆಡುತ್ತದೆ.

ಮೊದಲು, ಯಾವುದು ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ಅಡಿಕೆ ತೋಟ ಇರುವ ಮನೆಯಲ್ಲಿ ಮದ್ದು ಬಿಡುವ ಪಂಪ್ ಇದ್ದೇ ಇರುತ್ತದೆ. ಅದಕ್ಕೂ ಪಿಸ್ಟನ್ ಇದೆ, ಗೇಜ್ ಇದೆ, ಉದ್ದದ ಹೋಸ್ ಇದೆ, ಇದರಲ್ಲೇ ಪೇಂಟ್ ಹೊಡೆದರೆ ಆಗದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ ಮಾರಾಯ್ರೆ. ಅದು ಬೋರ್ಡೋ ದ್ರಾವಣವನ್ನು ತಳ್ಳುವ ಪಂಪ್, ಗಾಳಿಯನ್ನು ಒತ್ತುವ ಯಂತ್ರ ಅಲ್ಲ. ಕಾರಿನ 12 ವೋಲ್ಟಿನ ಟೈರ್ ಇನ್‌ಫ್ಲೇಟರ್ ಕೂಡ ಬೇಡ. ಅದಕ್ಕೆ ಪ್ರೆಶರ್ ಬರುತ್ತದೆ, ಆದರೆ ಗಾಳಿಯ ಪ್ರಮಾಣ ಏನೇನೂ ಸಾಲದು. ಗುಜರಿಯಿಂದ ತಂದ ಫ್ರಿಜ್ಜಿನ ಕಂಪ್ರೆಸರ್ ಏರ್‌ಬ್ರಶ್‌ಗೆ ಸಾಕು, ಕಾರಿನ ಬಾಗಿಲಿಗೆ ಸಾಲದು, ಜೊತೆಗೆ ಗಾಳಿಯಲ್ಲಿ ಎಣ್ಣೆಯನ್ನೂ ಕಳಿಸುತ್ತದೆ. ಇನ್ನು ಆನ್‌ಲೈನಲ್ಲಿ ಸಿಗುವ, ಕರೆಂಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಸ್ಪ್ರೇ ಗನ್ ಇದೆಯಲ್ಲ, ಅದು ಗೇಟಿಗೂ ಗ್ರಿಲ್ಲಿಗೂ ಒಳ್ಳೆಯದೇ. ಮೆಟಾಲಿಕ್ ಬೇಸ್ ಕೋಟಿಗೆ, ಅಂದರೆ ಮಿನುಗುವ ಬಣ್ಣದ ಪದರಕ್ಕೆ, ಬೇಕಾದಷ್ಟು ಸಣ್ಣ ಹನಿ ಅದರಿಂದ ಬರುವುದಿಲ್ಲ.

ಗನ್ನಿನ ಹೊಟ್ಟೆ ಎಷ್ಟು?

ಗಾಳಿಯ ಲೆಕ್ಕವನ್ನು ಸಿಎಫ್‌ಎಂನಲ್ಲಿ ಹೇಳುತ್ತಾರೆ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ. 1 ಸಿಎಫ್‌ಎಂ ಅಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಕಾರಿನ ಪೇಂಟಿಗೆ ಬಳಸುವ ದೊಡ್ಡ ಎಚ್‌ವಿಎಲ್‌ಪಿ (ಜಾಸ್ತಿ ಗಾಳಿ, ಕಡಿಮೆ ಪ್ರೆಶರ್) ಗನ್, 1.3 ಅಥವಾ 1.4 ಎಂಎಂ ನಾಜಲ್‌ನದ್ದು, ಸಾಮಾನ್ಯವಾಗಿ 10ರಿಂದ 14 ಸಿಎಫ್‌ಎಂ ಕುಡಿಯುತ್ತದೆ. ಅದಕ್ಕೆ ಬೇಕಾದ ಪ್ರೆಶರ್ ಮಾತ್ರ ಕಡಿಮೆ, ಗನ್ನಿನೊಳಗೆ ಗಾಳಿ ಹೋಗುವ ಜಾಗದಲ್ಲಿ 25-30 ಪಿಎಸ್‌ಐ ಇದ್ದರೆ ಸಾಕು. ಇಲ್ಲೇ ತುಂಬ ಜನ ಎಡವುವುದು. ಪೆಟ್ಟಿಗೆಯ ಮೇಲೆ 8 ಬಾರ್, 115 ಪಿಎಸ್‌ಐ ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು ನೋಡಿ ಖುಷಿಪಡುತ್ತಾರೆ. ಆ ಪ್ರೆಶರ್ ಎಲ್ಲ ಕಂಪ್ರೆಸರಿನಲ್ಲೂ ಬರುತ್ತದೆ, ನಮಗೆ ಬೇಕಾದ್ದು ಪ್ರಮಾಣ.

ಎಲ್‌ವಿಎಲ್‌ಪಿ ಅಂತ ಇನ್ನೊಂದು ಬಗೆಯ ಗನ್ ಇದೆ. ಇದು ಕಡಿಮೆ ಗಾಳಿಯಲ್ಲಿ ಕೆಲಸ ಮಾಡುತ್ತದೆ, ಮಾಡೆಲ್ ನೋಡಿಕೊಂಡು 4ರಿಂದ 8 ಸಿಎಫ್‌ಎಂ. ಕೆಲಸ ನಿಧಾನ, ಬೀಸು, ಅಂದರೆ ಪೇಂಟ್ ಹರಡುವ ಅಗಲ, ಸ್ವಲ್ಪ ಕಿರಿದು, ಆದರೆ ಮನೆಯಲ್ಲಿ ಹೊಡೆಯುವವರಿಗೆ ಅವಸರ ಏನು? 0.8 ಅಥವಾ 1.0 ನಾಜಲಿನ ಟಚ್‌ಅಪ್ ಗನ್ನಿಗೆ ಇನ್ನೂ ಕಡಿಮೆ ಸಾಕು, ಆದರೆ ಅದು ಬಂಪರಿನ ಮೂಲೆಗೆ, ಮಿರರ್ ಕವರಿಗೆ. ಅದರಲ್ಲಿ ಬಾನೆಟ್ ಹೊಡೆಯಲು ಹೋದರೆ ಒಂದು ಕಡೆ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಒಣಗಿರುತ್ತದೆ.

ಹಾಗಾಗಿ ಗನ್ನಿನ ಪೆಟ್ಟಿಗೆಯ ಮೇಲೆ ಗಾಳಿಯ ಖರ್ಚು ಎಷ್ಟು ಅಂತ ಬರೆದಿರುವುದನ್ನು ಮೊದಲು ನೋಡಿಟ್ಟುಕೊಳ್ಳಿ. ಆ ಸಂಖ್ಯೆಯೇ ಬರೆಯದ ಗನ್ ಆದರೆ, ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ಟ್ಯಾಂಕ್ ದೊಡ್ಡದಾದರೆ ಸಾಕಾ?

ಸಾಲದು. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. 2 ಎಚ್‌ಪಿಯ ಒಂದು ಕಂಪ್ರೆಸರ್, ನಿಜವಾಗಿ 6 ಸಿಎಫ್‌ಎಂ ಕೊಡುವಂಥದ್ದು, ಅಂದರೆ ನಿಮಿಷಕ್ಕೆ 170 ಲೀಟರ್. ಟ್ಯಾಂಕ್ 50 ಲೀಟರಿನದ್ದು. ಗನ್ 10 ಸಿಎಫ್‌ಎಂ ಕುಡಿಯುವುದು, ಅಂದರೆ ನಿಮಿಷಕ್ಕೆ 280 ಲೀಟರ್. ಟ್ಯಾಂಕ್ 8 ಬಾರ್‌ಗೆ ತುಂಬಿ ಮೋಟರ್ ಆಫ್ ಆಗಿದೆ. ನೀವು ಟ್ರಿಗರ್ ಒತ್ತಿದಿರಿ. 6 ಬಾರ್‌ಗೆ ಇಳಿಯುವವರೆಗೆ ಮೋಟರ್ ಸ್ಟಾರ್ಟ್ ಆಗುವುದಿಲ್ಲ, ಅಷ್ಟರಲ್ಲಿ ಹೋಗುವುದು 100 ಲೀಟರ್, ಅದಕ್ಕೆ 20 ಸೆಕೆಂಡ್ ಸಾಕು. ಆಮೇಲೆ ಮೋಟರ್ ಓಡುತ್ತಿದ್ದರೂ ನಿಮಿಷಕ್ಕೆ 110 ಲೀಟರ್ ಕೊರತೆ. 6ರಿಂದ 4 ಬಾರ್‌ಗೆ ಇಳಿಯಲು 55 ಸೆಕೆಂಡ್. ಅಲ್ಲಿಗೆ ಒಟ್ಟು ಒಂದೂಕಾಲು ನಿಮಿಷ. ಅದಕ್ಕಿಂತ ಕೆಳಗೆ ಇಳಿದರೆ ಹೋಸು, ಫಿಲ್ಟರು ತಿನ್ನುವ ಪ್ರೆಶರ್ ಕಳೆದು ಗನ್ನಿನ ಬೀಸು ಸಣ್ಣಗಾಗುತ್ತದೆ, ಹನಿ ದಪ್ಪವಾಗುತ್ತದೆ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟಿನಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಕಾಣುವುದು ಹೀಗೇ.

ಒಂದು ಫೆಂಡರ್ ಒಂದೂಕಾಲು ನಿಮಿಷದಲ್ಲಿ ಮುಗಿಯಬಹುದು. ಬಾನೆಟ್ ಮುಗಿಯುವುದಿಲ್ಲ, ರೂಫ್ ಅಂತೂ ಕೇಳಲೇಬೇಡಿ. ಟ್ಯಾಂಕ್ 100 ಲೀಟರ್ ಮಾಡಿದರೆ ಎರಡೂವರೆ ನಿಮಿಷ ಸಿಕ್ಕಿತು, ಆದರೆ ಮತ್ತೆ ತುಂಬಲೂ ಅಷ್ಟೇ ಜಾಸ್ತಿ ಹೊತ್ತು ಬೇಕು. ಟ್ಯಾಂಕ್ ಗಾಳಿಯನ್ನು ಹುಟ್ಟಿಸುವುದಿಲ್ಲ, ಕೊರತೆಯನ್ನು ಸ್ವಲ್ಪ ಮುಂದೂಡುತ್ತದೆ ಅಷ್ಟೆ. ಅದೇ ಯಂತ್ರಕ್ಕೆ 5 ಸಿಎಫ್‌ಎಂನ ಎಲ್‌ವಿಎಲ್‌ಪಿ ಗನ್ ಹಾಕಿ ನೋಡಿ, ಲೆಕ್ಕವೇ ಬದಲಾಗುತ್ತದೆ. ಯಂತ್ರ ಕೊಡುವುದು ಜಾಸ್ತಿ, ಗನ್ ಕುಡಿಯುವುದು ಕಡಿಮೆ, ಇಡೀ ಬಾನೆಟ್ ನಿಲ್ಲಿಸದೆ ಹೊಡೆಯಬಹುದು. ಯಂತ್ರ ದೊಡ್ಡದು ಮಾಡುವುದಕ್ಕಿಂತ ಗನ್ ಬದಲಾಯಿಸುವುದು ಅಗ್ಗ ಅಂತ ನಾನು ಹೇಳುವುದು ಇದಕ್ಕೇ.

ನನ್ನ ಅಭಿಪ್ರಾಯ ಕೇಳಿದರೆ: ಬಾಗಿಲು, ಬಂಪರ್, ಫೆಂಡರ್ ಹೀಗೆ ಒಂದೊಂದಾಗಿ ಮಾಡುವವರಿಗೆ ನಿಜವಾದ 6-7 ಸಿಎಫ್‌ಎಂ ಕೊಡುವ 2 ಎಚ್‌ಪಿ ಯಂತ್ರ, 50ರಿಂದ 100 ಲೀಟರ್ ಟ್ಯಾಂಕ್, ಎಲ್‌ವಿಎಲ್‌ಪಿ ಗನ್. ಇಡೀ ಕಾರನ್ನು ಒಂದೇ ಸಲಕ್ಕೆ ದೊಡ್ಡ ಗನ್ನಿನಲ್ಲೇ ಹೊಡೆಯುತ್ತೇನೆ ಅಂದರೆ 3 ಎಚ್‌ಪಿಗಿಂತ ಕಡಿಮೆ ನೋಡಲೇಬೇಡಿ, 150 ಲೀಟರಿಗಿಂತ ಸಣ್ಣ ಟ್ಯಾಂಕೂ ಬೇಡ. ಜೀವನದಲ್ಲಿ ಒಂದೇ ಕಾರು, ಒಂದೇ ಸಲ ಅಂತಾದರೆ ಸುಮ್ನೆ ದುಡ್ಡು ಹಾಕಬೇಡಿ, ಪರಿಚಯದ ವರ್ಕ್‌ಶಾಪಿನಿಂದ ಎರಡು ದಿನಕ್ಕೆ ಬಾಡಿಗೆಗೆ ತನ್ನಿ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ನಮ್ಮ ಕಡೆಯವರು ಹೆಚ್ಚಾಗಿ ಮಂಗಳೂರಿಗೇ ಹೋಗುತ್ತಾರೆ, ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಲ್ಲ ಸೈಜೂ ಸಿಗುತ್ತದೆ. ಕೊಯಮತ್ತೂರಿನ ಎಲ್ಜಿಯಂತಹ ಹಳೇ ಕಂಪನಿಯದ್ದರಿಂದ ಹಿಡಿದು ಹೆಸರೇ ಕೇಳದವುಗಳವರೆಗೆ. ಹೆಸರಿಗಿಂತ ಮೊದಲು ಯಂತ್ರಕ್ಕೆ ಹೊಡೆದಿರುವ ಪ್ಲೇಟ್ ಓದಿ. ಅದರಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅಂತ ಒಂದು ಸಂಖ್ಯೆ, ಎಫ್‌ಎಡಿ ಅಂತ ಇನ್ನೊಂದು ಸಂಖ್ಯೆ ಇರಬಹುದು. ಮೊದಲನೆಯದು ಪಿಸ್ಟನ್ ಎಳೆದುಕೊಳ್ಳುವ ಜಾಗದ ಲೆಕ್ಕ, ಕಾಗದದ ಮೇಲಿನದ್ದು. ಎರಡನೆಯದು ನಿಜವಾಗಿ ಹೊರಗೆ ಬರುವ ಗಾಳಿ. ಸಣ್ಣ ಯಂತ್ರಗಳಲ್ಲಿ ಮೊದಲನೆಯದರ ಮೂರರಲ್ಲಿ ಎರಡು ಪಾಲು ಹೊರಗೆ ಬಂದರೆ ಪುಣ್ಯ. ಪ್ಲೇಟಿನಲ್ಲಿ ಬರೀ ಒಂದೇ ಸಂಖ್ಯೆ ಇದ್ದು, ಯಾವುದು ಅಂತ ಬರೆದಿಲ್ಲವಾದರೆ ಅದು ಡಿಸ್‌ಪ್ಲೇಸ್‌ಮೆಂಟೇ ಅಂತ ಇಟ್ಟುಕೊಳ್ಳಿ.

ಪ್ಲೇಟನ್ನು ನಂಬುವುದೇ ಬೇಡ ಅಂದರೆ ಗಡಿಯಾರ ಇದೆಯಲ್ಲ. "ಅಣ್ಣ, ಒಂದು ಸಲ ಓಡಿಸಿ ತೋರಿಸಿ" ಅನ್ನಿ. ಹೊರಗೆ ಹೋಗುವ ಕಾಕ್ ಮುಚ್ಚಿಸಿ, ಗೇಜಿನ ಮುಳ್ಳು 4 ಬಾರ್‌ನಿಂದ 7 ಬಾರ್‌ಗೆ ಏರಲು ಎಷ್ಟು ಹೊತ್ತಾಯಿತು ಅಂತ ಮೊಬೈಲಿನಲ್ಲಿ ಅಳೆಯಿರಿ. 3 ಬಾರ್ ಏರಿಕೆಯನ್ನು ಟ್ಯಾಂಕಿನ ಲೀಟರಿನಿಂದ ಗುಣಿಸಿ. 50 ಲೀಟರ್ ಟ್ಯಾಂಕ್ ಆದರೆ 150 ಲೀಟರ್ ಗಾಳಿ. ಇದಕ್ಕೆ ಒಂದು ನಿಮಿಷ ಹಿಡಿದರೆ ಆ ಯಂತ್ರ ಕೊಡುವುದು ನಿಮಿಷಕ್ಕೆ 150 ಲೀಟರ್, ಅಂದರೆ ಐದೂ ಚಿಲ್ಲರೆ ಸಿಎಫ್‌ಎಂ. ಒಂದೂವರೆ ನಿಮಿಷ ಹಿಡಿದರೆ 100 ಲೀಟರ್, ಅಂದರೆ ಮೂರೂವರೆ. ಸ್ಟಿಕರಿನಲ್ಲಿ ಏನೇ ಬರೆದಿರಲಿ, ಈ ಲೆಕ್ಕ ಸುಳ್ಳು ಹೇಳುವುದಿಲ್ಲ.

ಅಲ್ಲೇ ಇನ್ನೊಂದನ್ನು ಗಮನಿಸಿ. ಟ್ಯಾಂಕ್ ತುಂಬಿ ಮೋಟರ್ ನಿಂತ ಕೂಡಲೇ "ಪುಸ್" ಅಂತ ಸಣ್ಣ ಸದ್ದು ಬರಬೇಕು. ಪಂಪಿನ ತಲೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುವ ಸದ್ದು ಅದು. ಆ ಸದ್ದು ಬಾರದಿದ್ದರೆ ಮುಂದಿನ ಸಲ ಮೋಟರ್ ಒತ್ತಡದ ಎದುರಿಗೇ ಸ್ಟಾರ್ಟ್ ಆಗಬೇಕು, ನಮ್ಮ ಸಂಜೆಯ ವೋಲ್ಟೇಜಿನಲ್ಲಿ ಅದು ಬರೀ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ವೈಂಡಿಂಗ್ ಸುಟ್ಟ ವಾಸನೆ.

ಎಣ್ಣೆ ಹಾಕುವುದೋ, ಆಯಿಲ್‌ಫ್ರೀಯೋ ಅಂತ ದೊಡ್ಡ ಚರ್ಚೆ ಇದೆ. ಆಯಿಲ್‌ಫ್ರೀ ಆದರೆ ಪೇಂಟಿಗೆ ಎಣ್ಣೆ ಬೀಳುವ ಭಯ ಇಲ್ಲ, ಹಗುರ ಕೂಡ. ಆದರೆ ಅಗ್ಗದವು ಕಿವಿ ಹರಿಯುವಷ್ಟು ಸದ್ದು ಮಾಡುತ್ತವೆ, ಎಡೆಬಿಡದೆ ಓಡಿದರೆ ಬೇಗ ಬಿಸಿಯಾಗಿ ಟ್ರಿಪ್ ಆಗುತ್ತವೆ, ರಿಂಗ್ ಬೇಗ ಸವೆಯುತ್ತದೆ. ಬೆಲ್ಟ್ ಹಾಕಿದ, ಎಣ್ಣೆಯ ಯಂತ್ರ ನಿಧಾನ ತಿರುಗುತ್ತದೆ, ತಂಪಾಗಿರುತ್ತದೆ, ರಿಪೇರಿ ಎಲ್ಲಿಯೂ ಆಗುತ್ತದೆ. ಪೇಂಟಿಂಗ್‌ಗೆ ಒಂದು ಗಂಟೆ ಹೆಚ್ಚುಕಡಿಮೆ ಬಿಡುವಿಲ್ಲದೆ ಓಡಬೇಕು, ಹಾಗಾಗಿ ನನ್ನ ಓಟು ಬೆಲ್ಟಿಗೆ. ಎಣ್ಣೆ ಗಾಳಿಗೆ ಬಾರದ ಹಾಗೆ ಫಿಲ್ಟರ್ ಹಾಕಿದರಾಯಿತು, ಆ ಫಿಲ್ಟರ್ ಹೇಗೂ ನೀರಿಗೂ ಬೇಕು.

ಕರೆಂಟ್

1 ಎಚ್‌ಪಿ ಅಂದರೆ 746 ವಾಟ್, ಅದು ಮೋಟರ್ ಕೊಡುವ ಶಕ್ತಿ, ಎಳೆಯುವುದು ಇನ್ನೂ ಜಾಸ್ತಿ. 3 ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಓಡುವಾಗಲೇ 15 ಆಂಪಿಯರ್ ಆಸುಪಾಸು ಎಳೆಯಬಹುದು, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮಿಕ್ಸಿಯ ಪಕ್ಕದ ಪ್ಲಗ್ಗಿಗೆ ಸಿಕ್ಕಿಸುವ ಸಾಮಾನು ಅಲ್ಲ ಇದು. ಮೈನ್ ಬೋರ್ಡಿನಿಂದ ಬೇರೆ ಲೈನ್, ಮೋಟರ್ ಸ್ಟಾರ್ಟ್ ಆಗುವಾಗಿನ ಜಾಸ್ತಿ ಕರೆಂಟನ್ನು ತಾಳಿಕೊಳ್ಳುವ ಸಿ ಟೈಪ್ ಎಂಸಿಬಿ, ಸರಿಯಾದ ಅರ್ಥಿಂಗ್, ಇದನ್ನು ವಯರಿಂಗಿನವರಿಂದ ಮಾಡಿಸಿಕೊಳ್ಳಿ. ಕಾರು ದೂರ ಇದ್ದರೆ ವಯರ್ ಉದ್ದ ಮಾಡಬೇಡಿ, ಗಾಳಿಯ ಹೋಸ್ ಉದ್ದ ಮಾಡಿ. ತೆಳ್ಳಗಿನ ಎಕ್ಸ್‌ಟೆನ್ಶನ್ ವಯರಿನಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಸೊರಗುತ್ತದೆ.

ತೋಟದ ಪಂಪ್‌ಶೆಡ್ಡಿಗೆ ತ್ರೀ ಫೇಸ್ ಬಂದಿದೆಯಲ್ಲ, ಅದಕ್ಕೇ ಸಿಕ್ಕಿಸಿದರೆ ಅಂತ ಯೋಚಿಸಬೇಡಿ. ಕೃಷಿ ಕನೆಕ್ಷನ್ ಕೃಷಿಗೆ ಮಾತ್ರ, ಬೇರೆ ಕೆಲಸಕ್ಕೆ ಬಳಸಿದರೆ ಕೆಎಸ್‌ಇಬಿಯವರು (ಕೇರಳದ ವಿದ್ಯುತ್ ಮಂಡಳಿ) ದಂಡ ಹಾಕಬಹುದು. ಮನೆಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ.

ನೀರು, ನಮ್ಮ ನಿಜವಾದ ಶತ್ರು

ಈಗ ಮುಖ್ಯ ವಿಷಯ. 30 ಡಿಗ್ರಿ ಸೆಖೆ, ನೂರಕ್ಕೆ 80 ತೇವಾಂಶ, ಕರಾವಳಿಯಲ್ಲಿ ಇದು ಮಾಮೂಲು ದಿನ. ಅಂಥ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಅದನ್ನು ಒತ್ತಿ ಸಣ್ಣದು ಮಾಡಿ, ಮತ್ತೆ ತಣ್ಣಗಾಗಲು ಬಿಟ್ಟರೆ ಅಷ್ಟು ಆವಿಗೆ ಅಲ್ಲಿ ಜಾಗ ಇಲ್ಲ, ಹೆಚ್ಚಿನ ಪಾಲು ನೀರಾಗಿ ಇಳಿಯುತ್ತದೆ. ಮೇಲೆ ಹೇಳಿದ 2 ಎಚ್‌ಪಿ ಯಂತ್ರ ಒಂದು ಗಂಟೆ ಓಡಿದರೆ ಹತ್ತು ಘನ ಮೀಟರ್ ಗಾಳಿ ಎಳೆಯುತ್ತದೆ, ಅದರಿಂದ ಇಳಿಯುವ ನೀರು ಸುಮಾರು 200 ಮಿಲಿ. ಒಂದು ಲೋಟ. ಆ ಲೋಟ ಟ್ಯಾಂಕಿನ ಅಡಿಯಲ್ಲೇ ಕೂತರೆ ತೊಂದರೆ ಇಲ್ಲ. ಗನ್ನಿನಿಂದ ಹನಿಯಾಗಿ ಕ್ಲಿಯರ್ ಕೋಟಿನ ಮೇಲೆ ಬಿದ್ದರೆ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ.

ಅಂಗಡಿಯವರು ಕಂಪ್ರೆಸರಿನ ಬಾಯಿಗೇ ಒಂದು ಫಿಲ್ಟರ್ ತಿರುಪಿ ಕೊಡುತ್ತಾರೆ. ಅದರಿಂದ ಅರ್ಧ ಪ್ರಯೋಜನ. ಈ ಫಿಲ್ಟರ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ. ಅರ್ಧ ಗಂಟೆ ಓಡಿದ ಮೇಲೆ ಯಂತ್ರದಿಂದ ಬರುವ ಗಾಳಿ ಬಿಸಿ, ನೀರು ಇನ್ನೂ ಆವಿಯಾಗಿಯೇ ಫಿಲ್ಟರ್ ದಾಟಿ ಹೋಗುತ್ತದೆ, ಮುಂದೆ ಹೋಸಿನಲ್ಲಿ ತಣ್ಣಗಾಗಿ ಅಲ್ಲಿ ನೀರಾಗುತ್ತದೆ. ಮೊದಲು ತಣಿಸಬೇಕು, ಆಮೇಲೆ ಫಿಲ್ಟರ್.

ತಣಿಸುವುದು ಹೇಗೆ? ಜಾಗ ಇದ್ದವರು ಶೆಡ್ಡಿನ ಗೋಡೆಗೆ 25 ಅಡಿಯಷ್ಟು ಜಿಐ ಪೈಪ್ ಹಾಕಿ, ಸ್ವಲ್ಪ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಬಿಡಲು ಒಂದು ಕಾಕ್ ಇಡಿ. ಗನ್ನಿಗೆ ಗಾಳಿ ತೆಗೆಯುವ ಟೀ ಆಕಾರದ ಜೋಡಣೆಯನ್ನು ಪೈಪಿನ ಮೇಲ್ಗಡೆಯಿಂದ ಎತ್ತಬೇಕು, ಕೆಳಗಡೆಯಿಂದಲ್ಲ. ತೋಟಕ್ಕೆ ತಂದು ಉಳಿದ ಪಿವಿಸಿ ಪೈಪ್ ಎಲ್ಲರ ಮನೆಯಲ್ಲೂ ಇದೆ, ಅದನ್ನು ಮಾತ್ರ ಹಾಕಬೇಡಿ. ನೀರಿನ ಒತ್ತಡ ಬೇರೆ, ಗಾಳಿಯ ಒತ್ತಡ ಬೇರೆ. ಪಿವಿಸಿ ಒಡೆದರೆ ಚೂರು ಚೂರಾಗಿ ಸಿಡಿಯುತ್ತದೆ.

ಪೈಪ್ ಹಾಕುವ ಜಾಗ ಇಲ್ಲದವರಿಗೆ ಇನ್ನೊಂದು ದಾರಿ: ತಾಮ್ರದ ಪೈಪನ್ನು ಸುರುಳಿ ಸುತ್ತಿ ಬಾವಿ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿ, ಕಂಪ್ರೆಸರಿನ ಗಾಳಿ ಅದರ ಮೂಲಕ ಹಾದು ಬರುವಂತೆ ಮಾಡಿ, ಅದರ ನಂತರ ಫಿಲ್ಟರ್ ಮತ್ತು ರೆಗ್ಯುಲೇಟರ್. ನೀರು ಬೆಚ್ಚಗಾದರೆ ಬದಲಾಯಿಸಿ. ನೋಡಲು ಚಂದ ಇಲ್ಲ, ಕೆಲಸ ಮಾಡುತ್ತದೆ. ಕ್ಲಿಯರ್ ಕೋಟ್ ಹೊಡೆಯುವವರು ಈ ಫಿಲ್ಟರಿನ ನಂತರ ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಒಂದನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಎಲ್ಲ ಜೋಡಿಸಿದ ಮೇಲೆ ಯಂತ್ರ ಅರ್ಧ ಗಂಟೆ ಓಡಿಸಿ, ಗನ್ನಿನಿಂದ ಬರೀ ಗಾಳಿಯನ್ನು ಒಂದು ಕನ್ನಡಿಗೆ ಬಿಡಿ. ಹನಿಯೋ, ಎಣ್ಣೆಯ ಮಬ್ಬೋ ಕಂಡರೆ ಅವತ್ತು ಪೇಂಟ್ ಡಬ್ಬ ತೆರೆಯಬೇಡಿ. ಎಣ್ಣೆ ಅಂದಾಗ ನೆನಪಾಯಿತು, ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ಉಜ್ಜಿದ ಬಾಗಿಲನ್ನು ಮುಟ್ಟಿದರೂ ಪೇಂಟ್ ಗುಳಿ ಬೀಳುತ್ತದೆ, ಪಾಪ ಕಂಪ್ರೆಸರಿಗೆ ಬೈಗುಳ.

ಹೋಸ್ ವಿಷಯದಲ್ಲಿ ಜಿಪುಣತನ ಬೇಡ. ಸುರುಳಿಯ ಹಾಗಿರುವ ನೀಲಿ ಪಿಯು ಹೋಸ್ ಟೈರಿಗೆ ಗಾಳಿ ಹಾಕಲು ಸರಿ, ಒಳಗಿನ ತೂತು ತೀರ ಸಣ್ಣದು. ಒಳಗೆ 10 ಎಂಎಂ ಇರುವ ರಬ್ಬರ್ ಹೋಸ್ ತನ್ನಿ. ರೆಗ್ಯುಲೇಟರಿನ ಪ್ರೆಶರನ್ನು ಟ್ರಿಗರ್ ಒತ್ತಿ ಹಿಡಿದೇ ಹೊಂದಿಸಬೇಕು, ಬಿಟ್ಟಾಗ ತೋರಿಸುವುದು ಸುಳ್ಳು ಲೆಕ್ಕ.

ಸೆಕೆಂಡ್‌ಹ್ಯಾಂಡ್ ತಗೊಂಡರೆ

ಪಂಕ್ಚರ್ ಅಂಗಡಿ ಮುಚ್ಚಿದಾಗ ಹಳೇ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಪಂಪ್ ಹಳೆಯದಾದರೆ ಚಿಂತೆ ಇಲ್ಲ, ರಿಂಗ್, ವಾಲ್ವ್ ಬದಲಾಯಿಸಬಹುದು. ಟ್ಯಾಂಕ್ ಹಳೆಯದಾದರೆ ಚಿಂತೆ ಇದೆ. ನಮ್ಮ ಹವೆಯಲ್ಲಿ ನೀರು ಬಿಡದೆ ಇಟ್ಟ ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಹೊರಗೆ ಹೊಸ ಪೇಂಟ್ ಫಳಫಳ. ಅಡಿಯ ಡ್ರೈನ್ ಕಾಕ್ ತೆರೆಸಿ ನೋಡಿ. ಕಾಫಿ ಬಣ್ಣದ ನೀರು, ಅದರಲ್ಲಿ ತುಕ್ಕಿನ ಹಕ್ಕಳೆ ಬಂದರೆ ಬಿಟ್ಟುಬಿಡಿ. ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿದ್ದು ಕಂಡರೆ ಮಾತೇ ಬೇಡ, ಬೆಲೆ ಎಷ್ಟೇ ಇಳಿಸಲಿ. ಸೇಫ್ಟಿ ವಾಲ್ವಿನ ರಿಂಗ್ ಎಳೆದರೆ ಗಾಳಿ ಹೊರಗೆ ನುಗ್ಗಬೇಕು. ಗಟ್ಟಿಯಾಗಿ ಕೂತಿದ್ದರೆ ಹೊಸದು ಹಾಕದೆ ಓಡಿಸಬೇಡಿ.

ಎಲ್ಲಿ, ಯಾವಾಗ ಹೊಡೆಯುವುದು

ಮಳೆಗಾಲದಲ್ಲಿ ಬೇಡವೇ ಬೇಡ. ತೇವದ ಗಾಳಿಯಲ್ಲಿ ಡ್ಯೂಕೋ (ಥಿನ್ನರ್ ಆರಿ ಒಣಗುವ ಪೇಂಟ್) ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಅದರ ಮೇಲೆ ಪಸೆ ಕೂತು ಬಿಳಿ ಬಿಳಿ ಮಬ್ಬಾಗುತ್ತದೆ, ಅದಕ್ಕೆ ಕಂಪ್ರೆಸರಿನ ಫಿಲ್ಟರ್ ಏನೂ ಮಾಡಲಾರದು. ಡಿಸೆಂಬರಿನಿಂದ ಫೆಬ್ರವರಿವರೆಗೆ, ಬೆಳಗ್ಗಿನ ಮಂಜು ಆರಿದ ಮೇಲೆ, ಮಧ್ಯಾಹ್ನದ ಸೆಖೆ ಏರುವ ಮೊದಲು ಒಳ್ಳೆಯ ಹೊತ್ತು. ಸಂಜೆ ದೀಪ ಹಾಕಿ ಹೊಡೆದರೆ ಕ್ಲಿಯರ್ ಕೋಟಿನಲ್ಲಿ ಹುಳಗಳ ಮೆರವಣಿಗೆ.

ಅಡಿಕೆ ಒಣಗಿಸಲು ಅಂಗಳದಲ್ಲಿ ಪ್ಲಾಸ್ಟಿಕ್ ಹೊದೆಸಿದ ಗೂಡು ಮಾಡಿಕೊಂಡವರಿಗೆ ರೆಡಿಮೇಡ್ ಬೂತ್ ಸಿಕ್ಕಿದ ಹಾಗೆ, ಆದರೆ ಆ ತಿಂಗಳುಗಳಲ್ಲಿ ಅದರಲ್ಲಿ ಅಡಿಕೆಯೇ ಇರುತ್ತದೆ ಎಂಬುದು ಬೇರೆ ಮಾತು. ಖಾಲಿ ಇದ್ದರೆ ನೆಲ ಗುಡಿಸಿ, ನೀರು ಚಿಮುಕಿಸಿ ಧೂಳು ಕೂರಿಸಿ, ಎರಡೂ ತುದಿ ತೆರೆದಿಡಿ. ಕಂಪ್ರೆಸರ್ ಮಾತ್ರ ಗೂಡಿನ ಹೊರಗೆ, ನೆರಳಿನಲ್ಲಿ. ಒಳಗಿಟ್ಟರೆ ಪೇಂಟಿನ ಧೂಳನ್ನೇ ಎಳೆದುಕೊಳ್ಳುತ್ತದೆ, ಥಿನ್ನರಿನ ಆವಿ ತುಂಬಿದ ಜಾಗದಲ್ಲಿ ಪ್ರೆಶರ್ ಸ್ವಿಚ್ಚಿನ ಒಂದು ಕಿಡಿ ಸಾಕು.

ಹಾರ್ಡನರ್ ಬೆರೆಸುವ 2ಕೆ ಪೇಂಟ್ ಅಥವಾ ಕ್ಲಿಯರ್ ಆದರೆ ಅದರಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಒಮ್ಮೆ ಮೈಗೆ ಹತ್ತಿತು ಅಂದರೆ ಜೀವಮಾನದ ಅಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್, ಬೈರಾಸು ಕಟ್ಟಿಕೊಳ್ಳುವುದು ಯಾವುದಕ್ಕೂ ಬಾರದು. ವರ್ಕ್‌ಶಾಪುಗಳಲ್ಲಿ ಇದಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಸರಿಯಾದ ವ್ಯವಸ್ಥೆ. ಮನೆಯಲ್ಲಿ ಅದಿಲ್ಲದಿದ್ದರೆ ಬೇಸ್ ಕೋಟ್ ತನಕ ನೀವೇ ಮಾಡಿ, ಆಗಲೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಂಡೇ. ಹಾರ್ಡನರಿನ ಕ್ಲಿಯರನ್ನು ಪೇಂಟರಿಗೆ ಬಿಡಿ. ನಿಮ್ಮ ಕಂಪ್ರೆಸರಿನ ಗಾಳಿಯನ್ನೇ ಉಸಿರಾಡಲು ಮುಖವಾಡಕ್ಕೆ ಎಳೆಯುವ ಸಾಹಸ ಬೇಡ, ಅದು ಉಸಿರಾಟಕ್ಕೆ ಮಾಡಿದ ಗಾಳಿ ಅಲ್ಲ.

ಬಣ್ಣವನ್ನೇ ಬದಲಾಯಿಸುವ ಆಸೆ ಇದ್ದರೆ, ಡಬ್ಬ ತರುವ ಮೊದಲೇ ಆರ್‌ಟಿಒ ಕೆಲಸ ಕೇಳಿಕೊಳ್ಳಿ. ಆರ್‌ಸಿಯಲ್ಲಿ ಕಾರಿನ ಬಣ್ಣ ದಾಖಲಾಗಿರುತ್ತದೆ, ಬದಲಾದರೆ ಅದನ್ನೂ ತಿದ್ದಿಸಬೇಕು. ಇರುವ ಬಣ್ಣವನ್ನೇ ಮತ್ತೆ ಹೊಡೆಯುವುದಕ್ಕೆ ಈ ತಲೆನೋವಿಲ್ಲ.